ತಾರಸಿಗೆ ನೀರು ಕಟ್ಟಿದ ದಿನ

ಮನೆ ಕಟ್ಟೋ ಕಸುಬಿನಲ್ಲಿರೋರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಾಯ ತೋಡಿದ ದಿನವೇ ಅದು ಬಂದು ಸೈಟಿನಲ್ಲಿ ಕೂತಿರುತ್ತೆ. ನಾನು ಜೆ.ಪಿ. ನಗರದ ಸಣ್ಣ ಕಂಟ್ರಾಕ್ಟರ್, ಹೆಂಗಸು ಬೇರೆ. "ಕಂಟ್ರಾಕ್ಟರ್ ಎಲ್ಲಿ ಮೇಡಂ?" ಅಂತ ನನ್ನನ್ನೇ ಕೇಳೋರು ಬೇಕಾದಷ್ಟು ಜನ. ಜನಕ್ಕೆ ನಂಬಿಕೆ ಅನ್ನೋದು ಹೇಗೆ ಹುಟ್ಟುತ್ತೆ ಅಂತ ನನಗೆ ಇವತ್ತಿಗೂ ತೀರದ ಕುತೂಹಲ. ಕುಮಾರಸ್ವಾಮಿ ಲೇಔಟಿನ ಒಂದೇ ಮನೆಯ ಕಥೆ ಕೇಳಿ. ಆ ಮನೆ ಸೋರದೆ ನಿಂತರೆ ಪಕ್ಕದ ಸೈಟಿನ ಕೆಲಸವೂ ನನಗೇ ಅಂತ ಮಾತಾಗಿತ್ತು. ಸೋರಿತೋ, ಆ ಬೀದಿಯಲ್ಲಿ ಮತ್ತೆ ತಲೆ ಎತ್ತೋ ಹಾಗಿರಲಿಲ್ಲ.

ಬೋಂಡಾ ಪರೀಕ್ಷೆ

ಮನೆ ಕಟ್ಟಿಸೋಕೆ ಬಂದ ಅಂಕಲ್ ಬ್ಯಾಂಕಿನಿಂದ ರಿಟೈರ್ ಆದವರು. ಹಳೇ ಮನೆಯಲ್ಲಿ ಮಳೆ ಬಂದಾಗಲೆಲ್ಲ ಸೋಫಾ ಮೇಲೆ ಬಕೆಟ್ ಇಟ್ಟು ಬದುಕಿದವರು. "ನೀವು ಕಟ್ಟಿದ ಒಂದು ಮನೆ ತೋರಿಸಿ" ಅಂದರು. ಕೋಣನಕುಂಟೆಯ ಒಂದು ಮನೆಗೆ ಕಳಿಸಿದೆ. ಪುಣ್ಯಾತ್ಮ, ಜೋರು ಮಳೆ ಬರೋವರೆಗೂ ಕಾದು, ಆ ಮಳೆಯಲ್ಲೇ ಹೋಗಿ, ಸೂರು ನೋಡುತ್ತಾ ನಿಂತರಂತೆ! ಆ ಮನೆಯಾಕೆ ಪಾಪ, ಕೂರಿಸಿ ಬೋಂಡಾ ಕರಿದು ಕೊಟ್ಟಿದ್ದಾರೆ.

ಸಂಜೆ ಫೋನ್ ಬಂತು. "ಎಲ್ಲೂ ಸೋರಲಿಲ್ಲಮ್ಮಾ. ಆದ್ರೂ ಒಂದೇ ಮಳೆಗೆ ತೀರ್ಮಾನ ಮಾಡೋದು ತಪ್ಪು. ಬೋಂಡಾ ಚೆನ್ನಾಗಿತ್ತು, ಇನ್ನೊಂದು ಮಳೆಗೂ ಹೋಗಿ ಬರ್ತೀನಿ."

ದೃಷ್ಟಿ ಗೊಂಬೆ

ಅಂತೂ ಕೆಲಸ ಶುರುವಾಯ್ತು. ಅಂಕಲ್ ದಿನವೂ ಸೈಟಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಣ್ಣು ಮಿಟುಕಿಸದೆ ಕೂರೋರು. ಮೇಸ್ತ್ರಿ ಸಿಮೆಂಟು ಕಲೆಸಿದರೆ ಎದ್ದು ಬಂದು ಮೂಸಿ ನೋಡೋರು.

"ಸಾರ್, ವಾಸನೆಯಲ್ಲಿ ಏನ್ ಗೊತ್ತಾಗುತ್ತೆ?" ಅಂದ ಮೇಸ್ತ್ರಿ.

"ಅದನ್ನೇ ನಾನೂ ನೋಡ್ತಿದೀನಿ."

ಗೋಡೆ ಎದ್ದ ಮೇಲೆ ಮೇಸ್ತ್ರಿ ಒಂದು ದೃಷ್ಟಿ ಗೊಂಬೆ ತಂದ. ಕೋರೆಹಲ್ಲು, ಗುಡ್ಡೆಗಣ್ಣು. ಎಲ್ಲಿ ಕಟ್ಟಲಿ ಅಂತ ಅಂಕಲ್ ಹೆಂಡತಿಯನ್ನ ಕೇಳಿದ. ಆಂಟಿ ಗೊಂಬೆ ನೋಡಿದರು, ಕುರ್ಚಿ ಮೇಲಿದ್ದ ಗಂಡನನ್ನ ನೋಡಿದರು.

"ಯಾಕಪ್ಪ ದಂಡ? ಇವರು ಹೇಗೂ ದಿನಾ ಕೂತಿರ್ತಾರಲ್ಲ."

ಒಂದು ಹನಿ

ಮನೆ ಮುಗಿಯೋ ಹೊತ್ತಿಗೆ ತಾರಸಿ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿದೆ. ಕೆಳಗೆ ಹನಿ ಇಳಿಯದಿದ್ದರೆ ಗೆದ್ದ ಹಾಗೆ. ಅಂಕಲ್, ಆಂಟಿ, ಪಕ್ಕದ ಸೈಟಿನವರು, ಎಲ್ಲ ರೂಮಿಂದ ರೂಮಿಗೆ ಕತ್ತೆತ್ತಿಕೊಂಡು ಹೋದೆವು. ಎಲ್ಲೂ ಏನೂ ಇಲ್ಲ. ಕೊನೆಗೆ ದೇವರ ಮನೆ.

ಟಪ್! ಪಕ್ಕದ ಸೈಟಿನವರ ಬೋಳುತಲೆ ಮೇಲೇ ಬಿತ್ತು.

ನನಗೋ, ಅಳುವೇ ಬಂತು ಅನ್ನಿ. ಮೇಸ್ತ್ರಿ ಮೇಲಕ್ಕೆ ಓಡಿದವನು ಅಲ್ಲಿಂದಲೇ ಕೂಗಿದ: "ಮೇಡಂ, ಇಲ್ಲಿ ಯಾರೋ ತೂತು ಕೊರೆದು ಮೇಣದಬತ್ತಿ ತುರುಕಿದ್ದಾರೆ!"

ಆಂಟಿ ನಿಧಾನಕ್ಕೆ ಗಂಡನ ಕಡೆ ತಿರುಗಿದರು. "ಅಳಿಯಂದಿರ ಹತ್ರ ಡ್ರಿಲ್ಲಿಂಗ್ ಮೆಷೀನ್ ಇಸ್ಕೊಂಡು ಬಂದಿದ್ರಲ್ಲ, ಯಾತಕ್ಕೇರಿ?"

"ತಾರಸಿ ಐದು ಇಂಚು ದಪ್ಪ ಹಾಕಿದೀವಿ ಅಂದಿದ್ರಲ್ಲ, ನಿಜಾನೋ ಸುಳ್ಳೋ ನೋಡ್ಬೇಡ್ವಾ?" ಅಂದರು ಅಂಕಲ್, ಮುಖ ಅರಳಿಸಿ. "ಕಡ್ಡಿ ಬಿಟ್ಟು ಅಳೆದೆ ಕಣಮ್ಮಾ. ಸರಿಯಾಗಿ ಐದೇ ಇದೆ!"

ನನಗೆ ಮೈಯೆಲ್ಲ ಉರಿದುಹೋಯ್ತು. "ಅಂಕಲ್, ಕೇಳಿದ್ರೆ ನಾನೇ ತೋರಿಸ್ತಿರಲಿಲ್ವಾ?"

"ನೀವೇ ತೋರಿಸಿದ್ರೆ ನಂಬೋದು ಹೇಗಮ್ಮಾ?"

ಪಕ್ಕದ ಸೈಟಿನವರು ತಲೆ ಒರೆಸಿಕೊಂಡು, ಸುತ್ತಲೂ ಒಂದು ಹನಿಯೂ ಇಲ್ಲದ ಸೂರನ್ನ ಇನ್ನೊಂದು ಸಲ ನೋಡಿದರು.

"ಮೇಡಂ, ನಮ್ಮ ಮನೆಯನ್ನೂ ನೀವೇ ಕಟ್ಟಿ. ಒಂದೇ ಕಂಡೀಷನ್ನು. ಇವರನ್ನ ಮಾತ್ರ ಒಳಗೆ ಬಿಡಬೇಡಿ."