ಗಂಡಿನ ಕಡೆಯವರಿಗೆ ಜೀನಿನ ಪಾಠ

ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ ಅವರು ಯಾವ ಕಡೆಯವರೆಂದು ನಾನು ಈಗಲೂ ಮೊದಲು ವಿಚಾರಿಸುತ್ತೇನೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿ ಕೆಲವರಲ್ಲಿ ತಿರುಗಿಬಿದ್ದು ಅವರ ಮೈಯನ್ನೇ ಏಕೆ ಹೊಡೆಯುತ್ತದೆ, ಅದರಲ್ಲಿ ಹುಟ್ಟಿನಿಂದ ಬಂದ ಜೀನುಗಳ ಪಾಲೆಷ್ಟು ಎಂದು ಹುಡುಕುವುದು ನನ್ನ ಕೆಲಸ. ಬಸವಾಪಟ್ಟಣದಲ್ಲಿದ್ದ ನನ್ನ ಅಕ್ಕನಿಗೆ ಆ ಜಾತಿಯದೇ ಕೀಲುವಾತ. ನಡುವಯಸ್ಸಿಗೇ ಬೆರಳುಗಳು ಸೊಟ್ಟಗಾಗಿ, ಮಗಳು ಗಿರಿಜಳೇ ಅವಳಿಗೆ ಜಡೆ ಹಾಕುತ್ತಿದ್ದಳು. ನಾನು ಚನ್ನಗಿರಿ ಬಸ್ಸಿನಲ್ಲಿ ಫ್ಲಾಸ್ಕಿನ ತುಂಬ ಐಸು ಹೊತ್ತು ಬಂದು, ಪರೀಕ್ಷೆಗೆಂದು ಅವಳ ರಕ್ತ ಒಯ್ಯುತ್ತಿದ್ದೆ. "ಔಷಧ ತರ್ತೀಯಾ ಅಂದ್ಕಂಡ್ರೆ ಇರೋ ರಕ್ತನೂ ಹೊತ್ಕಂಡು ಹೋಗ್ತೀಯಲ್ಲೋ" ಎಂದು ನಗುತ್ತಿದ್ದಳು. ನಗುವಾಗಲೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದಳು.

ಎಂಬತ್ತರ ದಶಕದ ಶುರುವಿನಲ್ಲಿ ಗಿರಿಜಳನ್ನು ನೋಡಲು ಹೊನ್ನಾಳಿಯಿಂದ ಗಂಡಿನವರು ಬಂದರು. ಹುಡುಗ ಒಪ್ಪಿದ್ದ. ಅವನ ದೊಡ್ಡಪ್ಪ ಮಾತ್ರ ಅಕ್ಕನ ಕೈ ನೋಡಿ ನನ್ನತ್ತ ತಿರುಗಿದರು. "ನೀವು ಇದನ್ನೇ ಓದಿದೋರಂತೆ. ಈ ಕಾಯಿಲೆ ಮಗಳಿಗೂ ಬರ್ತೈತೇನ್ರಿ?" ಇಂಥ ಪ್ರಶ್ನೆಯನ್ನು ಅದುವರೆಗೆ ಊರಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಹುಮ್ಮಸ್ಸು ಬಂದುಬಿಟ್ಟಿತು. ಬೇರೆಯವರಿಗಿಂತ ಅಪಾಯ ತುಸು ಜಾಸ್ತಿ, ಆದರೆ ಆ ಜೀನು ಇದ್ದವರಲ್ಲೂ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ ಎಂದು ಉಪ್ಪಿಟ್ಟು ಆರಿಹೋಗುವವರೆಗೆ ವಿವರಿಸಿದೆ. ಅವರ ಕಿವಿಗೆ ಬಿದ್ದದ್ದು 'ಜಾಸ್ತಿ' ಒಂದೇ. "ಊರಿಗೋಗಿ ತಿಳಿಸ್ತೀವ್ರಿ" ಎಂದು ಎದ್ದರು. ತಿಳಿಸಲಿಲ್ಲ.

ಗಿರಿಜ ತಟ್ಟೆಗಳನ್ನು ಒಳಗೊಯ್ದಳು. ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. "ನೀ ಹೇಳಿದ್ದು ನಿಜಾನೇ ಇರ್ಬೋದು ತಮ್ಮಾ. ಇನ್ನೊಂದ್ಸಲ ಯಾರಾದ್ರೂ ಬಂದ್ರೆ ರೇಷ್ಮೆ ಇಲಾಖೆನಾಗೆ ಇದೀನಿ ಅನ್ನು. ನನ್ನ ಕೈ ಹಿಂಗಾಗೈತೆ ಅಂತ ಅವಳ ಕೈ ಯಾರೂ ಹಿಡೀದಂಗೆ ಆಗಬಾರ್ದು."

ಮರುವರ್ಷ ರೋಗ ಶ್ವಾಸಕೋಶಕ್ಕೂ ಇಳಿದು ಅಕ್ಕ ತೀರಿಕೊಂಡಳು. ಅದಾದ ಮೇಲೆ ಜಗಳೂರಿನ ಮೇಷ್ಟರೊಬ್ಬರ ಜೊತೆ ಗಿರಿಜಳ ಮದುವೆ ಗೊತ್ತಾಯಿತು. ತಾಯಿಯ ಕಾಯಿಲೆಯನ್ನು ಅವಳೇ ಅವನಿಗೆ ಹೇಳಿದ್ದಳು. "ನಮ್ಮಪ್ಪಗೂ ಸಕ್ರೆ ಕಾಯಿಲೆ ಐತೆ, ಏನ್ ಮಾಡಾಕಾಗ್ತೈತೆ" ಎಂದನಂತೆ. ಮದುವೆಯ ಊಟಕ್ಕೆ ನನ್ನ ಪಕ್ಕ ಕೂತ ಬೀಗರೊಬ್ಬರು ಉದ್ಯೋಗ ವಿಚಾರಿಸಿದರು. ರೇಷ್ಮೆ ಇಲಾಖೆ ಎಂದೆ. "ಹಂಗಾದ್ರೆ ನಮ್ಮ ಹೊಲದಾಗೆ ಹಿಪ್ಪುನೇರಳೆ ಬರ್ತೈತೇನ್ರಿ?" ಹಿಪ್ಪುನೇರಳೆ ಗಿಡವನ್ನು ನಾನು ಹತ್ತಿರದಿಂದ ಕಂಡವನೇ ಅಲ್ಲ. "ಖಂಡಿತ ಬರುತ್ತೆ" ಎಂದೆ. "ಓದಿದೋರು ಅಂದ್ರೆ ಹಿಂಗಿರಬೇಕು ನೋಡ್ರಿ!" ಎಂದು ಅವರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಇದನ್ನು ಕೇಳಿ ಅಕ್ಕ ಎಷ್ಟು ನಗುತ್ತಿದ್ದಾಳೋ ಎಂದು ಹೆಂಗಸರ ಪಂಕ್ತಿಯತ್ತ ತಿರುಗಿದೆ. ತಿರುಗಿದ ಮೇಲೆ ನೆನಪಾಯಿತು.

"ಯಾಕ್ರಿ, ಮೆಣಸಿನಕಾಯಿ ಕಡಿದ್ರೇನ್ರಿ?" ಎಂದರು ಬೀಗರು, ನೀರಿನ ಲೋಟ ಮುಂದಿಟ್ಟು. ಹೌದೆಂದೆ. ಅವರು ಅದನ್ನೂ ನಂಬಿದರು.