ಸೈಟು ನೋಡಲು ಬಂದ ಶ್ರೀಕಂಠಯ್ಯನವರು

ಸಾಲ ಕೇಳುವಾಗ ನನಗೆ ನಾಚಿಕೆಯಾಗುವುದಿಲ್ಲ. ಕೊಡುವುದಿಲ್ಲ ಎಂದಾಗ ಮಾತ್ರ ಎಲ್ಲಿಲ್ಲದ ಸ್ವಾಭಿಮಾನ ಬರುತ್ತದೆ. ಅದರಲ್ಲೂ ನಾನೇ ಮಾಲೀಕನಾಗಿರುವ ಬ್ಯಾಂಕು ಇಲ್ಲವೆಂದರೆ ಹೇಗಾಗಬೇಡ. ಮಾಲೀಕ ಎಂದೊಡನೆ ಗಾಬರಿಯಾಗಬೇಡಿ. ಜಯನಗರದ ನಮ್ಮ ಬಡಾವಣೆಯ ಸಹಕಾರಿ ಬ್ಯಾಂಕಿನಲ್ಲಿ ನನ್ನವೂ ಒಂದಿಷ್ಟು ಷೇರುಗಳಿವೆ. ವರ್ಷಕ್ಕೊಮ್ಮೆ ಸದಸ್ಯರ ಸಭೆಗೆ ಹೋಗಿ, ಕೇಸರಿಬಾತು ತಿಂದು, ಲೆಕ್ಕಪತ್ರಕ್ಕೆ ಕೈಯೆತ್ತಿ ಬರುವುದಷ್ಟೇ ನನ್ನ ಮಾಲೀಕತನ.

ಬಾಡಿಗೆ ಮನೆಯಲ್ಲೇ ತಲೆ ನರೆತ ನನಗೆ ತಲಘಟ್ಟಪುರದ ಒಂದು ಸೈಟು ಕಣ್ಣಿಗೆ ಬಿತ್ತು. ಸ್ವಂತ ಮನೆಯ ಕನಸಿಗೆ ಅದೇ ಕೊನೆಯ ಅವಕಾಶವೆನ್ನಿಸಿತ್ತು. ಖಾಸಗಿ ಬ್ಯಾಂಕಿನ ಹುಡುಗಿ ನಾನು ಕೇಳುವ ಮೊದಲೇ ಫೋನಿನಲ್ಲಿ ಸಾಲ ಕೊಡಲು ಸಿದ್ಧಳಿದ್ದಳು. ಸರ್ಕಾರಿ ಬ್ಯಾಂಕಿನ ಮ್ಯಾನೇಜರು, "ಮೇಲಿನೋರನ್ನ ಕೇಳ್ಬೇಕು ಸಾರ್, ನಾಳೆ ಎನ್‌ಕ್ವೈರಿ ಬಂದ್ರೆ ನನ್ನ ಪೆನ್ಷನ್ ಗತಿಯೇನು?" ಎಂದು ಕಾಫಿ ಕುಡಿಸಿ ಕಳಿಸಿದರು. ನಮ್ಮದೇ ಬ್ಯಾಂಕಿರುವಾಗ ಇವರ ಹಂಗೇಕೆಂದು ಅಲ್ಲೇ ಅರ್ಜಿ ಹಾಕಿದೆ.

ಭಾನುವಾರ ಸಾಲ ಸಮಿತಿಯ ಶ್ರೀಕಂಠಯ್ಯನವರು ಸೈಟು ನೋಡಲು ಬಂದರು. ಪಕ್ಕದ ಕ್ರಾಸಿನ ನಿವೃತ್ತ ಹೆಡ್‌ಮಾಸ್ಟರು. ಜೊತೆಗೆ ಮಡಿಸುವ ಕುರ್ಚಿ, ಛತ್ರಿ, ಡಬ್ಬಿಯಲ್ಲಿ ಚಿತ್ರಾನ್ನ. ಸೈಟನ್ನು ಹೀಗೆ ಸಂಜೆಯವರೆಗೆ ಕೂತು ನೋಡಬಹುದೆಂದು ನನಗೆ ತಿಳಿದಿರಲಿಲ್ಲ. ಹಾದುಹೋದವರನ್ನೆಲ್ಲ ಮಾತಾಡಿಸಿದರು. ಕೊನೆಗೆ ಪಕ್ಕದ ತೋಟದವರು ಬಂದು, "ಈ ಸೈಟಿಗೆ ರಸ್ತೆ ಎಲ್ಲಿದೆ ಸಾರ್? ನೀವು ಬಂದ ದಾರಿ ನಮ್ ಜಾಗ. ಓಡಾಡ್ಕೊಳ್ಳಿ ಅಂತ ಸುಮ್ನೆ ಬಿಟ್ಟಿದೀವಿ" ಎಂದರು.

"ನಿಮ್ಮತ್ರ ಹೆಲಿಕಾಪ್ಟರ್ ಇದ್ರೆ ಹೇಳಿ, ಸಾಲ ಸ್ಯಾಂಕ್ಷನ್ ಮಾಡಿಸ್ತೀನಿ" ಎಂದರು ಶ್ರೀಕಂಠಯ್ಯ, ಕುರ್ಚಿ ಮಡಿಸುತ್ತಾ.

ಅವರ ಜೊತೆ ಮಾತು ಬಿಟ್ಟೆ. ಆ ವರ್ಷ ಕೇಸರಿಬಾತನ್ನೂ ತ್ಯಾಗ ಮಾಡಿದೆ. ಸೈಟನ್ನು ಬೇರೆ ಯಾರೋ ಸಾಲ ಮಾಡಿ ಕೊಂಡರು. ಮರುವರ್ಷ ತೋಟದವರು ಆ ದಾರಿಗೆ ಬೇಲಿ ಹಾಕಿದರು. ಕೊಂಡವರು ಈಗ ಕಂತು ಕಟ್ಟುತ್ತಾ ಬೇಲಿಯಾಚೆ ನಿಂತು ತಮ್ಮ ಸೈಟನ್ನು ನೋಡಿ ಹೋಗುತ್ತಾರಂತೆ. ಅದನ್ನು ಕೇಳಿದ ಸಂಜೆಯೇ ಹಣ್ಣು ಹಿಡಿದು, ಹೆಂಡತಿಯೊಂದಿಗೆ ಶ್ರೀಕಂಠಯ್ಯನವರ ಮನೆಗೆ ಹೋದೆ. ನಮ್ಮನ್ನು ಉಳಿಸಿದಿರಿ ಎಂದೆ.

"ಅಯ್ಯೋ, ನಿಮಗೋಸ್ಕರ ಅಲ್ಲ ಸಾರ್" ಎಂದರು ಅವರು, ಸಂಕೋಚದಿಂದ. "ಮಗಳ ಮದುವೆ ದುಡ್ಡು ನಮ್ ಬ್ಯಾಂಕಲ್ಲೇ ಇಟ್ಟಿದೀನಿ. ಅದು ಮುಳುಗಿದ್ರೆ ಅಂತ ಬಿಸಿಲಲ್ಲಿ ಕೂತಿದ್ದೆ."

ಅದರಿಂದ ನನ್ನ ಕೃತಜ್ಞತೆಯೇನೂ ಕಡಿಮೆಯಾಗಲಿಲ್ಲ. ಬೇರೆಯವರ ದುಡ್ಡಿಗಾಗಿ ಅಷ್ಟು ಹೊತ್ತು ಬಿಸಿಲಲ್ಲಿ ಯಾರು ಕೂರುತ್ತಾರೆ? ಸ್ವಾರ್ಥಕ್ಕೂ ಕೈಮುಗಿಯಬೇಕೆನ್ನಿಸಿದ್ದು ಅದೇ ಮೊದಲು. ಹಿಂತಿರುಗುವಾಗ ಇದನ್ನೇ ಹೆಂಡತಿಗೆ ವಿವರಿಸುತ್ತಿದ್ದೆ. ಅವಳು, "ಅಲ್ಲಾರೀ, ನಿಮ್ಮ ರಿಟೈರ್‌ಮೆಂಟ್ ದುಡ್ಡೂ ಅಲ್ಲೇ ಅಲ್ವಾ ಎಫ್‌ಡಿ ಇಟ್ಟಿರೋದು?" ಎಂದಳು.

ಒಂದು ವರ್ಷ ನಾನು ಮಾತು ಬಿಟ್ಟಿದ್ದು, ನನ್ನ ದುಡ್ಡನ್ನು ನನ್ನಿಂದಲೇ ಕಾಪಾಡಿದವರ ಜೊತೆ.