ಗಂಟಲು ಕಟ್ಟಿದ ಅಸುರ

ದೇವರು ನನಗೆ ರೂಪ ಕೊಡಲಿಲ್ಲ, ಎತ್ತರವನ್ನೂ ಕೊಡಲಿಲ್ಲ. ಅದರ ಬದಲಿಗೆ ಒಂದು ಗಂಟಲು ಕೊಟ್ಟಿದ್ದಾನೆ ಎಂಬ ಜಂಬ ನನಗಿತ್ತು. ಬಂಟ್ವಾಳದ ಕಚೇರಿಯೊಂದರಲ್ಲಿ ವಾರವಿಡೀ ಬಾಯಿ ಮುಚ್ಚಿಕೊಂಡು ಗುಮಾಸ್ತಿಕೆ ಮಾಡುವ ನಾನು ಆದಿತ್ಯವಾರ ಯಕ್ಷಗಾನ ತಾಳಮದ್ದಳೆಯಲ್ಲಿ ಅಸುರನ ಅರ್ಥ, ಅಂದರೆ ಅವನ ಪಾತ್ರದ ಮಾತು, ಹೇಳುತ್ತಿದ್ದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ಮಾತಿನಿಂದ ಎದುರಾಳಿಯನ್ನು ಕೆಡವಬೇಕು. ನಾನು ಸದ್ದಿನಿಂದಲೇ ಕೆಡವುತ್ತಿದ್ದೆ. ಮೈಕು ಬಂದ ಮೇಲೂ ಅದನ್ನು ನಂಬದೆ ಕಿರುಚುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಸ್ವರ ಒಡೆಯಿತು. ಹೆಂಡತಿ ಸಾವಿತ್ರಿ ಕಾಳುಮೆಣಸಿನ ಕಷಾಯ ಕುಡಿಸಿದಳು, ನೆರೆಯವರು ಜ್ಯೇಷ್ಠಮಧು ತಂದುಕೊಟ್ಟರು, ಕಚೇರಿಯ ಹಿರಿಯರು ಉಪ್ಪುನೀರು ಮುಕ್ಕಳಿಸಲು ಹೇಳಿದರು. ಸುಮ್ಮನಿರುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದೆ. ತಿಂಗಳಾದರೂ ಸ್ವರ ಮರಳಲಿಲ್ಲ. ಎಲೆಅಡಿಕೆ ಹಾಕುವ ಬಾಯಿ ನನ್ನದು. ಕೆಟ್ಟ ರೋಗದ ಹೆಸರು ನೆನಪಾಗಿ ನಿಜವಾಗಿಯೂ ಹೆದರಿದೆ. ಮೂಡುಬಿದಿರೆಯ ತಾಳಮದ್ದಳೆ ಕೂಟವೊಂದನ್ನು ಬೇರೆ ಒಪ್ಪಿಕೊಂಡಿದ್ದೆ.

ಮಂಗಳೂರಿನ ಗಂಟಲಿನ ಡಾಕ್ಟರು ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಸಣ್ಣ ಕನ್ನಡಿಯೊಂದನ್ನು ಬಿಸಿ ಮಾಡಿ ಒಳಗಿಳಿಸಿ, "ಈ" ಅನ್ನಲು ಹೇಳಿದರು. ಅಸುರನ ಬಾಯಿಂದ ಆಡಿನ ಮರಿಯ ಸ್ವರ ಬಂತು.

"ಹೆದರಬೇಡಿ, ಕೆಟ್ಟದ್ದೇನೂ ಕಾಣುವುದಿಲ್ಲ. ಕಿರುಚಿ ಕಿರುಚಿ ಸ್ವರತಂತುವಿನಲ್ಲಿ ಸಣ್ಣ ಗಂಟು ಎದ್ದಿದೆ, ಅಷ್ಟೆ. ಹತ್ತು ದಿನ ಮೌನ. ಪಿಸುಮಾತೂ ಬೇಡ, ಅದರಲ್ಲಿಯೂ ಗಂಟಲಿಗೆ ಶ್ರಮ ಉಂಟು," ಎಂದರು.

ಗಂಟಲು ಉಳಿಸಲೆಂದೇ ನಾನು ತಿಂಗಳಿಡೀ ಪಿಸುಗುಟ್ಟಿದ್ದೆ! ಹತ್ತು ದಿನ ಕಳೆದ ಮೇಲೂ ಮೆಲ್ಲಗೆ ಮಾತಾಡಬೇಕು, ಆಗಾಗ ನೀರು ಕುಡಿಯಬೇಕು, ಕಾರಣವಿಲ್ಲದೆ ಕೆಮ್ಮಿ ಗಂಟಲು ಸರಿಪಡಿಸಬಾರದು ಎಂದೂ ಎಚ್ಚರಿಸಿದರು. ಮನೆಯಲ್ಲಿ ಸ್ಲೇಟು ಹಿಡಿದೆ. ಜಗಳ ಬರೆದು ಮುಗಿಸುವಷ್ಟರಲ್ಲಿ ಸಾವಿತ್ರಿ ಅಡುಗೆಮನೆಗೆ ಹೋಗಿಬಿಟ್ಟಿರುತ್ತಿದ್ದಳು.

ಹನ್ನೊಂದನೆಯ ದಿನ ಸ್ವರ ಬಂತು, ತೆಳ್ಳಗೆ. ಸಂತೋಷಕ್ಕೆ ಕಣ್ಣು ಒದ್ದೆಯಾಯಿತು. ಡಾಕ್ಟರನ್ನು ಕೇಳಿಯೇ ಮುಂದಿನ ಆದಿತ್ಯವಾರ ಮೂಡುಬಿದಿರೆಗೆ ಹೋದೆ. ಎದುರಿಗೆ ಸಂಧಾನದ ದೂತನಾಗಿ ಅಳದಂಗಡಿಯ ಶಾಮ ಭಟ್ಟರು, ನನ್ನ ಎಂಟು ವರ್ಷದ ಎದುರಾಳಿ. ಅವರು ಒಂದು ಮಾತು ಹೇಳಿ, ಎಂದಿನಂತೆ ನನ್ನ ಆರ್ಭಟಕ್ಕೆ ಕಾದರು. ನಾನು ಮೈಕಿಗೆ ಬಾಯಿ ತಂದು ಮೆಲ್ಲನೆ "ಮತ್ತೆ?" ಎಂದೆ. ಅವರು ತಬ್ಬಿಬ್ಬಾದರು. ನಾಲ್ಕು ಮಾತು ಹೆಚ್ಚೇ ಹೇಳಬೇಕಾಯಿತು. ಅಸುರನ ಸೊಕ್ಕೆಂದರೆ ಇದು ಎಂದು ಸಭೆ ಮುಂದಕ್ಕೆ ಬಾಗಿ ಕೇಳಿತು.

ಮುಗಿದ ಮೇಲೆ ಭಟ್ಟರು ನನ್ನ ಕೈ ಹಿಡಿದುಕೊಂಡರು. "ಎಂಟು ವರ್ಷದಲ್ಲಿ ನೀವು ನನ್ನ ಮಾತು ಕೇಳಿದ್ದು ಇವತ್ತೇ ಮಾರಾಯ್ರೆ."

ಆ ಮಾತು ನನ್ನ ಎದೆಗೆ ನಾಟಿತು. ಮೌನದ ಮಹಿಮೆಯನ್ನು ಯಾರಿಗಾದರೂ ಹೇಳಲೇಬೇಕೆನಿಸಿತು. ಬಂಟ್ವಾಳದ ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದೆ. ಎಂಜಿನಿನ ಸದ್ದಿಗೆ ಅವರಿಗೆ ಕೇಳಿಸದೆಂದು ಸ್ವರ ಏರಿಸಿದೆ. ಹಿಂದಿನ ಸೀಟಿನವರೂ ಆಸಕ್ತಿ ತೋರಿಸಿದರು. ಬಸ್ಸು ಇಳಿಯುವಾಗ ಇಡೀ ಬಸ್ಸಿಗೆ ಮೌನದ ಮಹಿಮೆ ತಿಳಿದಿತ್ತು.

ಮರುದಿನ ಬೆಳಿಗ್ಗೆ ಕಾಫಿ ಕೇಳಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಸಾವಿತ್ರಿ ಏನನ್ನೂ ಕೇಳದೆ ಬಾಗಿಲ ಹಿಂದಿನಿಂದ ಸ್ಲೇಟು ತಂದು ನನ್ನ ಮುಂದಿಟ್ಟಳು.

"ಕಳೆದ ಸಲ ಬಂದ ಸ್ವರ ಈ ಸಲವೂ ಬರ್ತದೆ. ಹತ್ತು ದಿನ ತಾನೇ," ಎಂದಳು. ನನ್ನ ಸ್ವರ ಮರಳಿದ ದಿನದಿಂದ ಅವಳ ಮುಖದಲ್ಲಿ ಅಷ್ಟೊಂದು ಗೆಲುವನ್ನು ನಾನು ಕಂಡಿರಲಿಲ್ಲ.